ವೈನಿಯ ಅಂಗೈಗೆ ಬಿದ್ದ ಅಗಸಿ

ಭಂಕೂರ. ಮಂಗಳವಾರ, ೫ ಜನವರಿ ೧೯೫೪. ಎಳ್ಳ ಅಮಾಸಿ.

ಈ ದಿನ ನಮ್ಮ ಮನಿಯೊಳಗ ನ್ಯಾಯವು ಸ್ವರ್ಗಸ್ಥವಾಯಿತು ಎಂದು ಬರೆದಿಡತಕ್ಕದ್ದು.

ಹೊಲಕ್ಕ ಒಯ್ಯೋ ಸೊಪ್ಪು-ಕಾಳಿನ ಭಜ್ಜಿಗೆ ನಮ್ಮ ಆಯಿ ಹುರಿದ ಅಗಸಿ ಬೀಜ ಕುಟ್ಟಿ ಹಾಕ್ತಾಳ. ಊರಾಗ ಎಲ್ಲರೂ ಮರೆತ ಪದ್ಧತಿ. ಅದರ ಅಳತಿ ಆಕಿಗೊಬ್ಬಾಕಿಗೇ ಗೊತ್ತು. ಇಷ್ಟು ವರ್ಷ ಆಕಿ ಮುಂದ ಕುಂತು ಒಲಿ ಊದಿದ ಮೊಮ್ಮಗಳು ನಾನು. ಆದರ ಇವತ್ತು ಆಯಿ ಆ ಪುಡಿ ಸುರಿದದ್ದು ಸೂಗಮ್ಮ ವೈನಿಯ ಅಂಗೈಗೆ. ಆಕಿ ಜೊತಿ ಅಣ್ಣನ ಮದುವಿಯಾಗಿ ಇನ್ನೂ ಎಂಟು ತಿಂಗಳೂ ಆಗಿಲ್ಲ. ಆಯಿ ಆಕಿ ಕೈಕೆಳಗ ತನ್ನ ಕೈ ಹಿಡಿದು, "ಇಷ್ಟ ನೋಡವ್ವ, ಇದೇ ನಿನ್ನ ಅಳತಿ" ಅಂದ್ಳು.

"ನನಗ್ಯಾಕ ಹೇಳಲಿಲ್ಲ ಆಯಿ?"

"ನೀ ನಾಳಿ ಬ್ಯಾರೆ ಮನಿಗಿ ಹೋಗಾಕಿ."

ಆದಕಾರಣ ಧರ್ಮರಕ್ಷಣೆಗಾಗಿ, ಯಾರೂ ಇಲ್ಲದಾಗ, ಎರಡು ಮುಟಿಗಿ ಮೆಂತೆಪುಡಿ ಭಜ್ಜಿ ಗಡಿಗ್ಯಾಗ ಸುರಿದೆ.

ಹೊಲದಾಗ ಮೊದಲ ತುತ್ತಿಗೇ ರೇವಣಪ್ಪ ಕಾಕಾನ ಮಾರಿ ಸಣ್ಣಗಾತು. "ಏನವ್ವ ಸೂಗಮ್ಮ, ಎಲ್ಲರಿಗೂ ಔಷಧ ಕುಡಸ್ಲಿಕತ್ತೀಯೇನು?"

ವೈನಿ ತಲಿ ತಗ್ಗಿಸಿ, "ನನ್ನ ಕೈ ತಪ್ಪ್ಯದರಿ" ಅಂದ್ಳು.

ಗೆದ್ದೆ ಅಂದುಕೊಂಡೆ. ಅಷ್ಟರಾಗ ಆಯಿ ಆಕಿನ್ನ ಬಾಜೂಕ ಕೂಡಿಸಿಕೊಂಡು, "ನಾ ಈ ಮನಿಗಿ ಬಂದ ವರ್ಷ ಹಿಂಗೇ ಕೆಡಿಸಿದ್ದೆ" ಅಂತ ಬೆನ್ನು ಸವರಿದ್ಳು. ಆ ಕಹಿ ಭಜ್ಜೀನೇ ಎರಡು ಸಲ ಹಾಕಿಸಿಕೊಂಡು ಉಂಡ್ಳು.

ಹಂಗ ಬೆನ್ನು ಸವರಿಸಿಕೊಳ್ಳೋದು ಇಷ್ಟು ದಿನ ನನ್ನ ಹಕ್ಕಾಗಿತ್ತು.

ಈಗ ಇಬ್ಬರೂ ಪಡಸಾಲ್ಯಾಗ ನಕ್ಕೋತ ಅಗಸಿ ಹಸನು ಮಾಡ್ಲಿಕತ್ತಾರ. ನಾಳೆ ನಾನೇ ಒಪ್ಪಿಕೋತೀನಿ. ಆಯಿ ಭಾಳ ಬೈತಾಳ. ಬೈಯೋತನಕಾದರೂ ನನ್ನ ಮಾರೀನೇ ನೋಡ್ತಾಳ.