ಬಾಗಿಲ ಹಿಂದಿನ ಗೋಡೆ

ಅಪ್ಪ,

ಇವತ್ತು ದ್ವೀಪದ ಕೋಟೆಗೆ ಹೋಗಿದ್ದೆ. ಫಿರಂಗಿ ಇಡಲು ಕಟ್ಟಿದ್ದು, ಆಮೇಲೆ ಅಂಟುರೋಗದವರ ಆಸ್ಪತ್ರೆ, ಕೊನೆಗೆ ಜೈಲು ಎಂದು ಗೈಡ್ ಒಂದೇ ಉಸಿರಿನಲ್ಲಿ ಒಪ್ಪಿಸಿದ. ವರ್ಷಕ್ಕೊಮ್ಮೆ ಸುಣ್ಣ ಬಳಿಯಲು ಹೋಗುತ್ತಿದ್ದ ನಿಮ್ಮಂಥವರ ಸುದ್ದಿಯನ್ನೇ ಎತ್ತಲಿಲ್ಲ.

ಅಣ್ಣ ಕೈದಿಯಾಗಿದ್ದು ಸತ್ತ ಕೋಣೆ ಸಿಕ್ಕಿತು. ಬಾಗಿಲ ಹಿಂದೆ ಅವನು ಏನೋ ಗೀಚಿದ್ದಾನೆ, ಅದೊಂದನ್ನು ಬಿಟ್ಟು ಸುತ್ತ ಬಳಿದೆ ಎಂದು ನೀವಿದ್ದಾಗ ಅಮ್ಮನಿಗೆ ಹೇಳಿದ್ದಿರಲ್ಲ, ಆ ಗೋಡೆಯೂ ಸಿಕ್ಕಿತು. ಕೈದಿಗಳ ಬರಹ ಹುಡುಕಲೆಂದು ಒಬ್ಬ ಹೆಂಗಸು ಸಣ್ಣ ಚಾಕುವಿನಿಂದ ಹಳೆಯ ಸುಣ್ಣ ಕೆರೆಯುತ್ತಿದ್ದಳು.

“ಇಲ್ಲಿ ಒಂದಕ್ಷರಾನೂ ಸಿಗಲ್ಲ. ಮೊದಲು ಕಲ್ಲಲ್ಲಿ ಉಜ್ಜಿ, ಆಮೇಲೆ ಸುಣ್ಣ ಹೊಡೆದಿದ್ದಾರೆ. ಯಾರೋ ಏನೋ, ಅಚ್ಚುಕಟ್ಟು ಕೆಲಸ,” ಎಂದಳು.

ಅದು ನಮ್ಮಪ್ಪ ಎನ್ನದೆ ವಾಪಸು ದೋಣಿ ಹತ್ತಿದೆ.

ಮಂಡಿನೋವಿಗೆ ದೋಣಿ ಹತ್ತಲಾಗದ ಅಮ್ಮ ಮನೆಯ ಹೊಸ್ತಿಲಲ್ಲೇ ಕಾಯುತ್ತಿದ್ದಳು.

“ಇದೆಯೇನೋ?”

“ಇದೆ ಅಮ್ಮ. ಅಪ್ಪ ಮುಟ್ಟೇ ಇಲ್ಲ.”

“ಏನು ಬರೆದಿದ್ದಾನೆ?”

ಊಟ ಆದಮೇಲೆ ಹೇಳ್ತೀನಿ ಎಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ನಿಮಗಾದರೆ ಓದು ಬರುತ್ತಿರಲಿಲ್ಲ, ತಪ್ಪಿಸಿಕೊಂಡಿರಿ. ನನ್ನನ್ನು ಹಟ ಹಿಡಿದು ಓದಿಸಿದವರು ನೀವೇ.

ಅಮ್ಮ ತಟ್ಟೆ ಹಾಕುತ್ತಿರುವ ಸದ್ದು ಕೇಳುತ್ತಿದೆ, ಅಪ್ಪ.