ಕೊನೆಯ ಹಾಡಿನ ಹೊಲಿಗೆ

ಡಿಸೆಂಬರ್ ೨೨

ಹಲ್ಲಿನ ಡಾಕ್ಟರಮ್ಮನವರಿಗೆ,

'ಪ್ರೀತಿಯ ಅಕ್ಕ' ಎಂದು ಬರೆಯಲು ಪೆನ್ನು ಒಪ್ಪಲಿಲ್ಲ. ಕೊಡವಿ ನೋಡಿದೆ, ಆಗಲೂ ಒಪ್ಪಲಿಲ್ಲ. ಫೋನಿನಲ್ಲೇ ಬೈಯಬಹುದಿತ್ತು. ಆದರೆ ಫೋನಿನಲ್ಲಿ ನೀನು, "ಪೇಷೆಂಟು ಬಾಯಿ ತೆಕ್ಕೊಂಡು ಕೂತಿದಾರೆ ಕಣೇ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಲ್ಲ, ಓದು.

ನಮ್ಮ ರಜೆಯ ಸಿ.ಡಿ. ಇವತ್ತು ಅಂಚೆಯಲ್ಲಿ ನನಗೂ ಬಂತು. ನನಗೂ! ಹಾಡು ಆರಿಸಿದವಳು ನಾನು, ರಟ್ಟು ಕತ್ತರಿಸಿ ಹೊದಿಕೆಗೆ ಬಣ್ಣ ಬಳಿದವಳು ನಾನು. ಬಂಧುಬಳಗಕ್ಕೆಲ್ಲ ಹೋದ ಹಾಗೆ ನನ್ನ ಮನೆಗೂ ಒಂದು, ಹಿಂಭಾಗದಲ್ಲಿ ನಿನ್ನ ಕ್ಲಿನಿಕ್ಕಿನ ರಬ್ಬರ್ ಮೊಹರು ಸಮೇತ. ನಾನು ಬರೆದ ಚಂದ್ರನ ಮೂತಿಯ ಮೇಲೇ 'ರಾತ್ರಿಯೂ ಹಲ್ಲುಜ್ಜಿ' ಎಂದು ಬಿದ್ದಿದೆ. ಅಲ್ಲಿಗೆ ಸುಮ್ಮನಿದ್ದೆ. ಚಂದ್ರನಿಗೂ ಹುಳುಕು ಇರಬಹುದು ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಕೊನೆಯ ಹಾಡು ಬಂತು.

ಅಕ್ಕ, ನಾವು ಎರಡು ಜಡೆಯ ಹುಡುಗಿಯರಾಗಿದ್ದಾಗಿನಿಂದ ಈ ಕೆಲಸ ಮಾಡುತ್ತಿದ್ದೇವೆ. ಒಬ್ಬೊಬ್ಬರಿಗೆ ಒಂದೊಂದು ಹಾಡು. ಯಾವುದು ಯಾರದೆಂದು ಹೇಳುವ ಹಾಗಿಲ್ಲ, ಅವರೇ ಕೇಳಿ ಕಂಡುಹಿಡಿಯಬೇಕು. ಸೋದರಮಾವ ಪ್ರತಿ ವರ್ಷ ತಪ್ಪು ಹಾಡನ್ನು ತನ್ನದೆಂದುಕೊಂಡು ಹಿಗ್ಗುತ್ತಾನೆ, ನಾವು ಹೂಂ ಅನ್ನುತ್ತೇವೆ. ಆರಿಸುವುದು ನನ್ನ ಕೆಲಸ, ಕಂಪ್ಯೂಟರಿನಲ್ಲಿ ನಕಲು ತೆಗೆಯುವುದು ಭಾವನವರದು, ಅಂಚೆಗೆ ಹಾಕುವುದು ನಿನ್ನದು. ಅಮ್ಮ ಹೋದ ಮೇಲಿನ ಮೊದಲ ರಜೆಯಾದ್ದರಿಂದ ಈ ಸಲ ಕೊನೆಯ ಹಾಡು ಅಮ್ಮನದೇ ಎಂದು ಇಬ್ಬರೂ ಸೇರಿ ತೀರ್ಮಾನಿಸಿದ್ದೆವು. ಹಾಡು ಎಂದರೆ ಆ ಹಳೆಯ ಕ್ಯಾಸೆಟ್ಟಿನ ಗುನುಗು. ಮರೆತಿದ್ದರೆ ನೆನಪಿಸುತ್ತೇನೆ, ನಿನಗೆ ಈಚೆಗೆ ಎಲ್ಲವನ್ನೂ ಅಳಿಸುವ ಚಟ. ರೇಡಿಯೋ ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು ಹಾಡು ಹಿಡಿಯುತ್ತಿದ್ದೆವು. ರೇಡಿಯೋದವರು ಹಾಡು ಬಿಟ್ಟು ಭಾಷಣಕ್ಕೆ ಇಳಿದರೆಂದು ನೀನು ಸಿಟ್ಟಿನಲ್ಲಿ ರೇಡಿಯೋ ಆರಿಸಿದೆ, ಟೇಪು ಆರಿಸುವುದನ್ನು ಇಬ್ಬರೂ ಮರೆತೆವು. ಅಮ್ಮ ಮೂಲೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಾ ತನ್ನ ಪಾಡಿಗೆ ಗುನುಗುತ್ತಿದ್ದದ್ದು ಹಾಗೆಯೇ ತುಂಬಿಕೊಂಡಿತು. ಮಾತಿಲ್ಲದ, ಹೆಸರಿಲ್ಲದ, ಬೇರೆ ಯಾರಿಗೂ ಬಾರದ ರಾಗ.

ಮನೆ ಖಾಲಿ ಮಾಡಿ ಪಾಲು ಮಾಡಿಕೊಂಡಾಗ ಕ್ಯಾಸೆಟ್ಟು ನಿನಗೆ ಹೋಯಿತು, ಮಿಷನ್ ನನಗೆ ಬಂತು. ಈಗ ಸಿ.ಡಿ. ಹಾಕಿ ಕೇಳಿದರೆ ಅಮ್ಮ ಇದ್ದಾಳೆ, ಮಿಷನ್ ಇಲ್ಲ! ಗಡಗಡವನ್ನೆಲ್ಲ ಒಂದು ಚೂರೂ ಉಳಿಯದ ಹಾಗೆ ಕೆರೆದು ತೆಗೆದಿದ್ದೀರಿ. ಮದುವೆ ವಿಡಿಯೋಗಳಲ್ಲಿ ಕೆಮ್ಮು ಅಳಿಸಿ ಅಭ್ಯಾಸವಾದ ಭಾವನವರ ಕೈಗೆ ಸಿಕ್ಕಿ ಹಾಡಿನಲ್ಲಿ ಭಾವವೇ ಇಲ್ಲದಂತಾಗಿದೆ. ನಾನು ಮಿಕ್ಸ್ ಮಾಡಿ ಕೊಟ್ಟೆ, ನೀವು ಮಿಕ್ಸಿಗೆ ಹಾಕಿದಿರಿ.

ಪರಿಣಾಮ ಕೇಳು. ಮಧ್ಯಾಹ್ನ ಚಿಕ್ಕಮ್ಮ ಫೋನ್ ಮಾಡಿದಳು. "ಪಾಪ ಕಣೇ, ಕೊನೆಕೊನೆಗೆ ನಿಮ್ಮಮ್ಮಂಗೆ ತಾಳಾನೇ ಹೋಗ್ಬಿಟ್ಟಿತ್ತು ಅಲ್ವಾ? ಎಲ್ಲೋ ಎಳೀತಾಳೆ, ಎಲ್ಲೋ ಓಡ್ತಾಳೆ. ಕೇಳಿ ಹೊಟ್ಟೆ ಚುರುಕ್ ಅಂತು" ಅಂದಳು. ಅಮ್ಮನಿಗೆ ತಾಳ ಹೋಗಿತ್ತಂತೆ! ಅಮ್ಮನ ತಾಳ ಅವಳ ಕಾಲಿನಲ್ಲಿತ್ತು. ಪೆಡಲು ನಿಧಾನವಾದಲ್ಲಿ ರಾಗ ನಿಧಾನ, ಪೆಡಲು ಓಡಿದಲ್ಲಿ ರಾಗ ಓಟ. ಕಾಲನ್ನು ಕತ್ತರಿಸಿ ಬಿಸಾಕಿ ಕುಂಟುತ್ತಾಳೆ ಎಂದು ಊರಿಗೆಲ್ಲ ಸಾರಿದ್ದೀರಿ. ಅಮ್ಮನ ತಾಳ ಹೋಯಿತು, ಅದರ ಹಿಂದೆಯೇ ನನ್ನ ತಾಳ್ಮೆಯೂ.

ನನಗೊಂದು ಅನುಮಾನ. ಮಿಷನ್ ನನ್ನ ಪಾಲಿಗೆ ಬಂತೆಂಬ ಹೊಟ್ಟೆಕಿಚ್ಚಿಗೆ ಹಾಡಿನಿಂದಲೂ ಅದನ್ನು ಓಡಿಸಿದೆಯಾ? ನಿನಗೆ ಇದು ಹೊಸದಲ್ಲ. ದಾರ ಕಚ್ಚಿ ಕಚ್ಚಿ ಅಮ್ಮನ ಮುಂದಿನ ಹಲ್ಲಿನಲ್ಲಿ ಒಂದು ಪುಟ್ಟ ಕಚ್ಚು ಬಿದ್ದಿತ್ತಲ್ಲ, ಡಾಕ್ಟರಿಕೆ ಕಲಿತು ಬಂದವಳೇ ಅದನ್ನು ತುಂಬಿ ನುಣ್ಣಗೆ ಮಾಡಿದೆ. ಅಲ್ಲಿಂದ ಮುಂದೆ ದಾರ ಹಲ್ಲಿಗೆ ಸಿಗದೆ ಅಮ್ಮ ಪ್ರತಿ ಸಲ ಕತ್ತರಿ ಹುಡುಕುವಂತಾಯಿತು. ಕೆಟ್ಟಿಲ್ಲದ್ದನ್ನು ರಿಪೇರಿ ಮಾಡುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ.

ಹಗಲೆಲ್ಲ ಲೈಬ್ರರಿಯಲ್ಲಿ ಕೂತು 'ಸದ್ದು, ಸದ್ದು' ಎಂದು ಹುಡುಗರ ಬಾಯಿ ಮುಚ್ಚಿಸುವ ನಾನು ಸದ್ದು ಬೇಕೆಂದು ಜಗಳಕ್ಕೆ ನಿಂತಿದ್ದೇನೆ. ಹಗಲೆಲ್ಲ ಜನರ ಬಾಯಿಯೊಳಗೆ ಗುಂಯ್ ಎಂದು ಡ್ರಿಲ್ ತಿರುಗಿಸುವ ನಿನಗೆ ಅಮ್ಮನ ಮಿಷನ್ ಗಲಾಟೆಯಾಯಿತು! ಕ್ಯಾಸೆಟ್ಟು ಕಳಿಸು. ಒಗೆದದ್ದಲ್ಲ, ಕೊಳೆಯಾಗಿರುವ ಅಸಲಿಯೇ ಬೇಕು. ಹೊಸ ಸಿ.ಡಿ. ಮಾಡಿಸಿ ಜನವರಿಯಲ್ಲಿ ಚಿಕ್ಕಮ್ಮನ ಮನೆಯ ಊಟಕ್ಕೆ ಎಲ್ಲರೂ ಸೇರಿದಾಗ ನಾನೇ ಹಂಚುತ್ತೇನೆ, 'ಹಿಂದಿನದು ಡಾಕ್ಟರರ ಎಡವಟ್ಟು' ಎಂದು ಮೇಲೆ ಬರೆದು. ಕಳಿಸದಿದ್ದರೆ ಬಂದು ಕಿತ್ತುಕೊಂಡು ಹೋಗುತ್ತೇನೆ. ಕೀಳುವುದು ನಿನಗೊಬ್ಬಳಿಗೇ ಬರುವ ವಿದ್ಯೆಯಲ್ಲ.

ಇನ್ನೂ ಕುದಿಯುತ್ತಿರುವ,
ತಂಗಿ

ತಾ.ಕ.: ಮಿಷನ್ ನೆಟ್ಟಗಿದೆಯಾ ಎಂದು ಕೇಳಬೇಡ. ನೆಟ್ಟಗೇ ಇದೆ. ಅದರ ಮೇಲೆ ಟಿ.ವಿ. ಚೆನ್ನಾಗಿ ಕೂರುತ್ತದೆ.


ಡಿಸೆಂಬರ್ ೨೭

ತಂಗಿಗೆ,

ಕಾಗದ ತಲುಪಿತು. ನಗು ಬರಲಿಲ್ಲ. ನಿಮ್ಮ ಭಾವ ಒಂದು ಕಡೆ ನಕ್ಕರು, ತಮ್ಮ ಹೆಸರು ಬಂದಲ್ಲಿ. ಅವರಿಗೆ ಸಿಟ್ಟು ಬರುವುದಿಲ್ಲ. ಹಾಗಾಗಿ ಅವರ ಪಾಲಿನದನ್ನೂ ನಾನೇ ಮಾಡಿಕೊಂಡಿದ್ದೇನೆ.

ಅಮ್ಮನ ಮಿಷನ್ ಮೇಲೆ ಟಿ.ವಿ. ಇಟ್ಟವಳು ನನಗೆ ಅದರ ಸದ್ದಿನ ಪಾಠ ಹೇಳಬೇಡ. ಪಾಲಿನ ದಿನ ಅದನ್ನು ತಬ್ಬಿಕೊಂಡು ನಿಂತಿದ್ದೆಯಲ್ಲ, ಅವತ್ತಿನಿಂದ ಒಂದು ತೊಟ್ಟು ಎಣ್ಣೆ ಬಿಟ್ಟಿದ್ದೀಯಾ?

ಹಲ್ಲಿನ ವಿಷಯ. ಕಾಲೇಜು ಮುಗಿಸಿದಾಗ ಅಮ್ಮನ ಜೊತೆ ನಾನು ತೆಗೆಸಿಕೊಂಡ ಫೋಟೋ ನೋಡು. ಅಮ್ಮ ತುಟಿ ಬಿಗಿದು ನಿಂತಿದ್ದಾಳೆ. ಆಮೇಲೆ ಅವಳೇ ಕ್ಲಿನಿಕ್ಕಿಗೆ ಬಂದು, "ನಕ್ರೆ ಕಾಣುತ್ತೆ ಕಣೇ. ಚಿಕ್ಕವಳ ಮದುವೆ ಹೊತ್ತಿಗೆ ಇದನ್ನ ಮುಚ್ಚಿಬಿಡು, ಅವಳಿಗೆ ಹೇಳ್ಬೇಡ, ಹಾಸ್ಯ ಮಾಡ್ತಾಳೆ" ಅಂದಳು. ಈಗ ನಿನ್ನ ಮದುವೆಯ ಫೋಟೋ ತೆಗೆದು ನೋಡು. ಎಲ್ಲದರಲ್ಲೂ ಬಾಯಿ ತುಂಬ ನಗುತ್ತಿದ್ದಾಳೆ. ಇಷ್ಟು ದಿನ ಹೇಳಿರಲಿಲ್ಲ. ಈಗ ಹೇಳಿಸಿದವಳು ನೀನು.

ಕ್ಯಾಸೆಟ್ಟು ಕಳಿಸಲಾರೆ. ಕಂಪ್ಯೂಟರಿಗೆ ಹಾಕಿಕೊಂಡು ಮುಗಿಯುತ್ತಿದ್ದ ಹಾಗೆ ರೀಲು ಪ್ಲೇಯರಿನ ಒಳಗೆ ಸುತ್ತಿಕೊಂಡಿತು. ನನ್ನ ಕ್ಲಿನಿಕ್ಕಿನ ಚಿಮಟ ತಂದು ಬಿಡಿಸಲು ಕೂತೆ. ಕೈಗೆ ಬಂದದ್ದು ತುಂಡು ತುಂಡು. ಕಂಪ್ಯೂಟರಿನಲ್ಲಿ ಇದ್ದದ್ದನ್ನು ನಿಮ್ಮ ಭಾವ ಸ್ವಚ್ಛ ಮಾಡಿ, ಅದರ ಮೇಲೆಯೇ ಉಳಿಸಿಬಿಟ್ಟಿದ್ದರು. ಬೇರೆ ಪ್ರತಿ ಇಲ್ಲ. ಈಗ ಇರುವುದು ನಿನಗೆ ಬೇಡವಾದ ಆ ಒಂದೇ. ಇದನ್ನು ಬರೆಯಲು ನನಗೆ ಸಂತೋಷವಾಗುತ್ತಿದೆ ಎಂದುಕೊಂಡಿದ್ದರೆ ನಿನ್ನ ತಲೆಗೂ ಸ್ವಲ್ಪ ಎಣ್ಣೆ ಬಿಡು.

ಅವರನ್ನು ದೂರಬೇಡ. ಮಿಷನ್ ತೆಗೆಯಲು ಹೇಳಿದವಳು ನಾನು. ಅವರು, "ನಿನ್ನ ತಂಗೀನ ಒಂದ್ಮಾತು ಕೇಳೋಣ" ಎಂದರು. ಬೇಡ ಎಂದೆ. ಕೇಳಿದ್ದರೆ ನೀನು ಒಂದು ಹಾಸ್ಯ ಮಾಡುತ್ತಿದ್ದೆ, ನಾನು ಸುಮ್ಮನಾಗುತ್ತಿದ್ದೆ. ನಮ್ಮಿಬ್ಬರಲ್ಲಿ ಯಾವಾಗಲೂ ಆದದ್ದು ಅಷ್ಟೇ ತಾನೇ.

ಚಿಕ್ಕಮ್ಮನ ಮನೆಗೆ ನಾನು ಬರುವುದಿಲ್ಲ. ನೀನು ಹೋಗಿ ಏನು ಬೇಕಾದರೂ ಹಂಚಿಕೋ.

ಇತಿ,
ಅಕ್ಕ

ತಾ.ಕ.: ನೀನು ಮಿಷನ್ನಿನ ಕೆಳಗೆ ಬಟ್ಟೆ ಚೂರುಗಳಲ್ಲಿ ಆಡಿಕೊಂಡಿದ್ದವಳು. ನಿನಗೆ ಆ ಸದ್ದು ಜೋಗುಳ. ನಾನು ಎದುರಿಗೆ ಕೂತು ಊರ ಮಕ್ಕಳ ಯೂನಿಫಾರ್ಮುಗಳಿಗೆಲ್ಲ ಗುಂಡಿ ಹಾಕುತ್ತಿದ್ದೆ. ಶಾಲೆಯಲ್ಲಿ ಆದದ್ದನ್ನು ಹೇಳಲು ಹೊರಟರೆ ಪೆಡಲು ಶುರುವಾಗುತ್ತಿತ್ತು. "ಏನಂದೆ?" ಎಂದು ನಿಲ್ಲಿಸುತ್ತಿದ್ದಳು, ನಾನು ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಗಡಗಡ. ಹೇಳದೆ ಉಳಿದದ್ದೇ ಹೆಚ್ಚು. ಒಂದು ಸಲವಾದರೂ ಮಿಷನ್ ಇಲ್ಲದ ಅಮ್ಮ ಬೇಕಿತ್ತು ನನಗೆ. ತಾಳ ತಪ್ಪಿದ್ದು ನಿಜವಾಗಿಯೂ ಗೊತ್ತಾಗಲಿಲ್ಲ ಕಣೇ.


ಜನವರಿ ೬

ಅಕ್ಕನಿಗೆ,

'ಪ್ರೀತಿಯ' ಇನ್ನೂ ರಜೆಯಲ್ಲಿದೆ. ಕ್ಷಮಿಸಿಬಿಟ್ಟಳು ಎಂದು ಭಾವನ ಹತ್ತಿರ ಹೇಳಿಕೊಳ್ಳಬೇಡ. ನನ್ನನ್ನು ಕೇಳದೆ ಮಾಡಿದ್ದಕ್ಕೆ, ಅಸಲಿಯ ಮೇಲೆಯೇ ಉಳಿಸಿದ್ದಕ್ಕೆ, ನನ್ನ ಚಂದ್ರನಿಗೆ ಹಲ್ಲುಜ್ಜಲು ಹೇಳಿದ್ದಕ್ಕೆ ಸಿಟ್ಟು ಹಾಗೆಯೇ ಇದೆ, ಹದ ಕೆಡದಂತೆ ಇಟ್ಟುಕೊಂಡಿದ್ದೇನೆ.

ಚಿಕ್ಕಮ್ಮನ ಮನೆಗೆ ಹೋಗಿದ್ದೆ. ನಿನ್ನನ್ನು ನಾಲ್ಕು ಜನರ ಮುಂದೆ ಹಿಗ್ಗಾಮುಗ್ಗಾ ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಅದರಲ್ಲಿ ಒಂದೆರಡು ನಿಜಕ್ಕೂ ಚೆನ್ನಾಗಿದ್ದವು. ಆದರೆ ಚಿಕ್ಕಮ್ಮ ನನಗಿಂತ ಮೊದಲೇ ಶುರುಮಾಡಿದಳು. "ನಿಮ್ಮಕ್ಕಂಗೆ ಬುದ್ಧಿ ಇಲ್ವೇನೇ? ಅಮ್ಮ ತಾಳ ತಪ್ಪಿ ಹಾಡಿದ್ದನ್ನ ಹಂಚ್ತಾರಾ ಯಾರಾದ್ರೂ?" ಅಂದಳು. ನನ್ನ ಬಾಯಿಗೆ ಏನಾಯಿತೋ, "ಅಕ್ಕನ್ನ ಬೈಯೋ ಹಕ್ಕು ನನಗೊಬ್ಬಳಿಗೇ ಇರೋದು ಚಿಕ್ಕಮ್ಮಾ. ಅಮ್ಮ ತಾಳ ತಪ್ಪಿಲ್ಲ, ನಿನಗೇ ಕೇಳಿಸ್ತಿಲ್ಲ" ಎಂದುಬಿಟ್ಟೆ. ಊಟ ತಣ್ಣಗಾಯಿತು. ಸೋದರಮಾವ ಮಾತ್ರ, "ಹೋಗ್ಲಿ, ಎರಡನೇ ಹಾಡು ನಂದೇ ಅಲ್ವಾ?" ಎಂದ. ಹೂಂ ಎಂದೆ. ನಿನ್ನಿಂದ ಚಿಕ್ಕಮ್ಮನಿಗೂ ನನಗೂ ಮಾತು ನಿಂತಿದೆ. ಇದನ್ನೂ ನಿನ್ನ ಲೆಕ್ಕಕ್ಕೇ ಸೇರಿಸಿದ್ದೇನೆ.

ಮನೆಗೆ ಬಂದು ಟಿ.ವಿ.ಯನ್ನು ನೆಲಕ್ಕೆ ಇಳಿಸಿದೆ. ನೀನು ಹೇಳಿದ್ದಕ್ಕಲ್ಲ. ಚರ್ಮದ ಬೆಲ್ಟು ಒಣಗಿ ಬಿರುಕು ಬಿಟ್ಟಿತ್ತು, ಹೊಸದು ತಂದು ಹಾಕಿದೆ, ಎಣ್ಣೆ ಬಿಟ್ಟೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಿನ್ನ ಒಗೆದ ಅಮ್ಮನನ್ನು ಕೇಳುತ್ತಾ ತುಳಿಯಲು ಕೂತೆ. ಮೊದಮೊದಲು ಚಕ್ರ ಹಿಂದಕ್ಕೇ ತಿರುಗಿ ದಾರವೆಲ್ಲ ಗೋಜಲು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ದಿಂಬಿನ ಚೀಲ ಹೊಲೀತಿದೀಯೋ, ಅಕ್ಕನ ಬಾಯಿ ಹೊಲೀತಿದೀಯೋ?" ಎಂದು ಕೇಳಿದರು. ರಜೆಯ ಉಳಿದ ದಿನಗಳೆಲ್ಲ ಅದರಲ್ಲೇ ಹೋದವು. ನಿನ್ನೆ ಕಾಲಿಗೆ ಸಿಕ್ಕಿತು. ಅಮ್ಮ ಅವತ್ತು ಹೊಲಿಯುತ್ತಿದ್ದದ್ದು ಅಂಗಿಯೇ ಇರಬೇಕು, ರಾಗ ಎಳೆಯುವಲ್ಲಿ ತೋಳಿನ ತಿರುವು ಬರುತ್ತದೆ, ಓಡುವಲ್ಲಿ ನೇರ ಅಂಚು. ಒಂದು ಕಡೆಯೂ ತಪ್ಪಿಲ್ಲ, ಅಕ್ಕ.

ಮದುವೆಯ ಫೋಟೋಗಳನ್ನೂ ತೆಗೆದು ನೋಡಿದೆ. ಅದರ ಬಗ್ಗೆ ಏನೂ ಬರೆಯುವುದಿಲ್ಲ.

ಇದರ ಜೊತೆ ಒಂದು ಕ್ಯಾಸೆಟ್ಟು ಇಟ್ಟಿದ್ದೇನೆ. ಅದರಲ್ಲಿರುವುದು ಮಿಷನ್ ಮಾತ್ರ, ನಾನು ತುಳಿದದ್ದು. ನಿನ್ನ ಸಿ.ಡಿ. ಹಾಕು, ಅಮ್ಮ ಗಂಟಲು ಸರಿಮಾಡಿಕೊಂಡ ಕೂಡಲೇ ಈ ಕ್ಯಾಸೆಟ್ಟಿನ ಗುಂಡಿ ಒತ್ತು. ಎರಡನ್ನೂ ಕಂಪ್ಯೂಟರಿನಲ್ಲಿ ಹೊಲಿದು ಒಂದು ಮಾಡಲು ಭಾವನಿಗೆ ಬರುತ್ತದೆ ಎಂದು ಗೊತ್ತು. ಹೊಲಿದ ಮೇಲೆ ಬಿಚ್ಚಲು ಬರುವುದಿಲ್ಲವಾದರೆ ಬೇಡ. ಮಿಷನ್ ಇಲ್ಲದ ಅಮ್ಮ ಬೇಕಾದ ದಿನ ನನ್ನದನ್ನು ಹಾಕಬೇಡ, ಅಷ್ಟೇ.

ಜಗಳ ಮುಗಿಸದ,
ತಂಗಿ

ತಾ.ಕ.: ನಡುವೆ ಒಂದು ಕಡೆ ಅಮ್ಮ ಥಟ್ಟನೆ ಸುಮ್ಮನಾಗುತ್ತಾಳಲ್ಲ, ಅದು ಭಾವನ ಕತ್ತರಿಯೆಂದು ಶಪಿಸಿದ್ದೆ. ಅಲ್ಲ. ಅಂಚು ಮುಗಿದು ಬಗ್ಗಿ ದಾರ ಕಚ್ಚುತ್ತಿದ್ದಾಳೆ. ಹಲ್ಲಿನ ಡಾಕ್ಟರಿಗೆ ಅಷ್ಟೂ ಗೊತ್ತಾಗಬೇಡವೇ? ಅಲ್ಲಿ ನಾನೂ ಕಾಲು ನಿಲ್ಲಿಸಿ, ಬಗ್ಗಿ, ಕಚ್ಚಿದೆ. ಪ್ರತಿ ಸಲವೂ. ಈಗ ನನ್ನ ಮುಂದಿನ ಹಲ್ಲು ಜುಂ ಎನ್ನುತ್ತಿದೆ. ಭಾನುವಾರ ನಿನ್ನ ಕ್ಲಿನಿಕ್ಕು ತೆರೆದಿರುತ್ತದೆಯೇ? ಬಾಯಿ ತೆಗೆದುಕೊಂಡು ಕೂತಿರುತ್ತೇನೆ, ಮಾತಾಡಲು ಆಗುವುದಿಲ್ಲ. ಶಾಲೆಯಲ್ಲಿ ಏನಾಯಿತೆಂದು ಆಗ ಹೇಳು.