ಪುದೀನಾಕ್ಕೆ ಅಡ್ಡ ಬಂದ ಪುಲಾವು

ಹುಸೇನಬಿ ಆಪಾ, ತಮ್ಮನ ಸಲಾಂ.

ವಿಜಯಪುರದಲ್ಲಿ ನಿಮ್ಮ ಮಗಳು ನಿಖತಳ ರಸಾಯನ ಲ್ಯಾಬು ನೋಡಿದೆ. ಅಲ್ಲಿ ವೇಗವರ್ಧಕವೆಂಬ ಪುಡಿಯಿದೆ. ಮದುವೆ ಕುದುರಿಸುವವನಂತೆ ಎರಡು ಕಡೆಯವರನ್ನು ಕೂಡಿಸಿ, ತಾನು ಇದ್ದ ಹಾಗೇ ಹೊರಬರುತ್ತದೆ. ಸರಿಯಾಗಿ ಕೂಡಿಸಿದರೆ ಪುದೀನಾ ವಾಸನೆ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲಾದರೆ ಮಸಾಲೆಯ ಶಾಜೀರಾ ವಾಸನೆ. ಪುದೀನಾ ಬರಲೆಂದು ಹುಡುಗಿ ವರ್ಷದಿಂದ ಒದ್ದಾಡುತ್ತಿದ್ದಾಳೆ.

ನಿನ್ನೆ ಹಸಿವಾಗಿ, ಲ್ಯಾಬಿನ ಕಿಟಕಿಯಾಚೆ ಕೂತು, ಟಿಕೋಟಾದಿಂದ ನೀವು ಕಟ್ಟಿಕೊಟ್ಟ ಪುಲಾವಿನ ಡಬ್ಬಿ ತೆರೆದೆ.

"ಶಾಜೀರಾ ವಾಸನಿ ಬಂತು, ಎಲ್ಲಾ ಕೆಟ್ಟತು," ಎಂದು ಒಳಗೆ ಅವಳು ಅಳತೊಡಗಿದಳು.

ಡಬ್ಬಿ ಎತ್ತಿ ತೋರಿಸಿದೆ. ಕಿಟಕಿ ಮುಚ್ಚಿ ಮತ್ತೆ ಮೂಸಿದಳು. ಪುದೀನಾ.

"ಮಾಮಾ, ಡಬ್ಬಿ ಅಲ್ಲೇ ಇಟ್ಟು ನೀವು ಮನಿಗಿ ನಡೀರಿ," ಎಂದಳು.

ಬಂದ ಕೆಲಸ, ನನ್ನ ಮೊಣಕಾಲಿನ ಔಷಧ, ಮುಗಿಯುವವರೆಗೆ ಇಲ್ಲೇ ಇರುತ್ತೇನೆ. ಇನ್ನು ಬುತ್ತಿಗೆ ಶಾಜೀರಾ ಹಾಕಬೇಡಿ. ಪುದೀನಾ ಅಂತೂ ಬೇಡವೇ ಬೇಡ, ಪ್ರಯೋಗ ಗೆದ್ದಿತೆಂದು ಸುಳ್ಳೇ ಹಬ್ಬ ಮಾಡಿಯಾಳು.

ಅವಸರದಲ್ಲಿ,
ಯುನುಸ